ಶರಣುಬಂದವರನ್ನು ಹಿಡಿದೊಪ್ಪಿಸುವ ಕರಾರು

ಇಸವಿ 2023ನೆಯ ಅಕ್ಟೋಬರ್ 8ನೆಯ ತಾರೀಖು ಚೀನಾದೇಶದ ಹಾಂಗ್‌ಝೌ ನಗರದಲ್ಲಿ ಏಷ್ಯಾಖಂಡದ ಕ್ರೀಡೋತ್ಸವವು ಮುಕ್ತಾಯವಾಯಿತು. ನಮ್ಮ ದೇಶದ ಆಟಗಾರರು 107 ಪದಕಗಳನ್ನು ಗಳಿಸಿ ತಂದ ಆ ಉತ್ಸವದ ವಾರ್ತೆಗಳನ್ನು ನಮ್ಮ ವಾಚಕರು ಅಭಿಮಾನದಿಂದ ಓದಿದುದುಂಟು. ದೀಪಗಳು ಆರಿ ಅತಿಥಿಗಳು ಹೊರಟ ಮರುದಿನವೇ ಅದೇ ದೇಶದ ಈಶಾನ್ಯ ಮೂಲೆಯಲ್ಲಿ ಬೇರೊಂದು ಮೆರವಣಿಗೆ ಹೊರಟಿತು. ಅದನ್ನು ನೋಡಲು ಯಾವ ಪತ್ರಿಕಾಕರ್ತನನ್ನೂ ಕರೆದಿರಲಿಲ್ಲ. ಟುಮೆನ್, ಹುಂಚುನ್, ಚಾಂಗ್‌ಬೈ, ದಾಂಡೊಂಗ್ ಮೊದಲಾದ ಐದು ಗಡಿದ್ವಾರಗಳಿಗೆ ಪೋಲೀಸು ವಾಹನಗಳಲ್ಲಿ ಉತ್ತರ ಕೊರಿಯಾದ ಪ್ರಜೆಗಳನ್ನು ತುಂಬಿ ತಂದು ಆಚೆದಡದ ಅಧಿಕಾರಿಗಳ ವಶಕ್ಕೆ ಒಪ್ಪಿಸಲಾಯಿತೆಂದು ಆ ನೆಲದ ಸಂಗತಿಗಳನ್ನು ಬಲ್ಲವರು ವರದಿಮಾಡಿದರು. ಐನೂರಕ್ಕೆ ಮೇಲ್ಪಟ್ಟ ಜನರೆಂದೂ ಅವರಲ್ಲಿ ಹೆಂಗಸರೇ ಹೆಚ್ಚೆಂದೂ ಲೆಕ್ಕ ಹೊರಬಿತ್ತು. ಸಂಯುಕ್ತ ರಾಷ್ಟ್ರಸಂಘದ ತಜ್ಞರು ಅದೇ ತಿಂಗಳಲ್ಲಿ ಈ ವಿಷಯವಾಗಿ ಬಹಿರಂಗವಾಗಿ ಕಳವಳವನ್ನು ಸೂಚಿಸಿದರು.

ಚೀನಾ ಸರಕಾರದ ವಿದೇಶಾಂಗ ಖಾತೆಯ ವಕ್ತಾರರು ಇದಕ್ಕೆ ಕೊಟ್ಟ ಉತ್ತರವು ಗಮನಿಸತಕ್ಕದ್ದು. ಉತ್ತರ ಕೊರಿಯಾದಿಂದ ತಲೆಮರೆಸಿ ಬಂದವರೆಂಬ ಒಂದು ವರ್ಗವೇ ಚೀನಾದಲ್ಲಿ ಇಲ್ಲವಂತೆ. ಹೊಟ್ಟೆಪಾಡಿಗಾಗಿ ಅಕ್ರಮವಾಗಿ ಗಡಿದಾಟಿ ಬಂದವರು ಮಾತ್ರ ಉಂಟಂತೆ. ಅವರನ್ನು ಕಾನೂನು ಮತ್ತು ಮಾನವೀಯತೆಗಳನ್ನು ಅನುಸರಿಸಿ ನಡೆಸಿಕೊಳ್ಳಲಾಗುತ್ತಿದೆಯಂತೆ. ಒಬ್ಬ ಮನುಷ್ಯನಿಗೆ ನ್ಯಾಯವನ್ನು ನಿರಾಕರಿಸುವ ಮಾರ್ಗಗಳು ಹಲವು. ಅವುಗಳಲ್ಲಿ ಖರ್ಚು ಕಡಿಮೆಯಾದದ್ದು, ಅಂಥವನೊಬ್ಬನು ಇಲ್ಲವೇ ಇಲ್ಲವೆಂದು ಹೇಳುವುದು. ಹೆಸರೇ ಇಲ್ಲದವನು ಅರ್ಜಿ ಬರೆಯುವುದು ಹೇಗೆ? ಅದಕ್ಕೆ ರುಜು ಹಾಕುವುದು ಹೇಗೆ?

ನಮ್ಮ ವಾಚಕರ ಪೈಕಿ ಬಹುಮಂದಿಗೆ ಆ ಪ್ರಾಂತವು ಅಪರಿಚಿತವಾದುದರಿಂದ ಭೂಗೋಳದ ಎರಡು ಮಾತು ಅಗತ್ಯ. ಕೊರಿಯನ್ನರು ಪೆಕ್ತು ಎಂದೂ ಚೀನೀಯರು ಚಾಂಗ್‌ಬೈ ಎಂದೂ ಕರೆಯುವ ಪರ್ವತದಲ್ಲಿ ಎರಡು ನದಿಗಳು ಹುಟ್ಟುತ್ತವೆ. ಪಶ್ಚಿಮಕ್ಕೆ ಹರಿಯುವುದು ಯಾಲು, ಪೂರ್ವಕ್ಕೆ ಹರಿಯುವುದು ಟುಮೆನ್. ಸುಮಾರು 1400 ಕಿಲೋಮೀಟರಿನ ಗಡಿಯ ಬಹುಭಾಗ ಈ ನೀರೇ. ಯಾಲು ಅಗಲವಾದ ಹೊಳೆ. ಟುಮೆನ್ ಅನೇಕ ಕಡೆ ಕಿರಿದು, ಆಳವೂ ಇಲ್ಲ, ಚಳಿಗಾಲದಲ್ಲಿ ಹೆಪ್ಪುಗಟ್ಟಿ ನೆಲದಂತೆ ಆಗುತ್ತದೆ. ಅದರ ಈಚೆದಡದಲ್ಲಿ ಚೀನಾದ ಜಿಲಿನ್ ಪ್ರಾಂತಕ್ಕೆ ಸೇರಿದ ಯಾನ್‌ಬಿಯಾನ್ ಎಂಬ ಸ್ವಯಮಾಡಳಿತ ಜಿಲ್ಲೆಯಿದೆ. ಅಲ್ಲಿನ ಜನರಲ್ಲಿ ಅನೇಕರು ಕೊರಿಯನ್ ಭಾಷೆಯವರು. ಬರಗಾಲಕ್ಕೂ, 1910ರಲ್ಲಿ ಕೊರಿಯಾವನ್ನು ನುಂಗಿದ ಜಪಾನಿನ ದಬ್ಬಾಳಿಕೆಗೂ ಹೆದರಿ ಹೊಳೆದಾಟಿ ಬಂದವರ ಸಂತಾನ. ಉತ್ತರ ಕೊರಿಯಾ ರಾಜ್ಯದ ಸ್ಥಾಪಕನಾದ ಕಿಮ್ ಇಲ್ ಸುಂಗನೂ ಬಾಲ್ಯದಲ್ಲಿ ತಂದೆತಾಯಿಗಳ ಸಂಗಡ ಹೀಗೆಯೇ ಮಂಚೂರಿಯಕ್ಕೆ ಬಂದು ಜಿಲಿನ್ ನಗರದ ಶಾಲೆಯಲ್ಲಿ ಓದಿದವನು. ಅಂದು ಆ ಹೊಳೆಗೆ ಇಂದಿನ ಕಾವಲು ಇದ್ದಿದ್ದರೆ ಆ ರಾಜ್ಯದ ಚರಿತ್ರೆ ಬೇರೆಯಾಗುತ್ತಿತ್ತು.

ಗಡಿದಾಟುವುದು ಏಕಮುಖವಾಗಿಯೂ ಇರಲಿಲ್ಲ. 1960ರ ಸುಮಾರಿನಲ್ಲಿ ಚೀನಾದಲ್ಲಿ ಮಹಾಕ್ಷಾಮ ಬಿದ್ದಾಗ ಯಾನ್‌ಬಿಯಾನಿನ ಕೊರಿಯನ್ನರು ಸಾವಿರಗಟ್ಟಲೆಯಾಗಿ ಆಚೆದಡಕ್ಕೆ ಹೋದರು. ಉತ್ತರ ಕೊರಿಯಾ ಅವರಿಗೆ ಕೆಲಸ ಕೊಟ್ಟು ಅನ್ನ ಹಾಕಿತು. ಮೂವತ್ತು ಮೂವತ್ತೈದು ವರ್ಷಗಳ ತರುವಾಯ ಕಾಲಚಕ್ರ ತಿರುಗಿತು. ಸೋವಿಯತ್ ಒಕ್ಕೂಟ ಮುರಿದು ಅಗ್ಗದ ಎಣ್ಣೆ ನಿಂತುಹೋಯಿತು. 1995ರ ಪ್ರವಾಹದಲ್ಲಿ ಗದ್ದೆಗಳು ಕೊಚ್ಚಿಹೋದುವು. ಸರಕಾರದ ಪಡಿತರವೇ ಗತಿಯಾಗಿದ್ದ ಜನಕ್ಕೆ ಆ ಪಡಿತರವೂ ನಿಂತಿತು. ಆ ಕ್ಷಾಮದಲ್ಲಿ ಸತ್ತವರು ಆರು ಲಕ್ಷದಿಂದ ಹತ್ತು ಲಕ್ಷದವರೆಗೆ ಇರಬೇಕೆಂದು ಜನಸಂಖ್ಯಾಶಾಸ್ತ್ರಜ್ಞರು ಅಂದಾಜು ಮಾಡಿದ್ದಾರೆ. ಇದಕ್ಕಿಂತ ಹೆಚ್ಚೆಂದೂ ಕಡಮೆಯೆಂದೂ ಹೇಳುವವರುಂಟು. ಉಳಿದವರಲ್ಲಿ ಕಾಲಿನಲ್ಲಿ ಶಕ್ತಿಯಿದ್ದವರು ಟುಮೆನ್ ಹೊಳೆಯನ್ನು ದಾಟಿದರು. ಯಾನ್‌ಬಿಯಾನಿನ ಮುದುಕಿಯರು ಹಳೆಯ ಅನ್ನದ ಋಣವನ್ನು ನೆನೆದು ಅವರಿಗೆ ಬಾಗಿಲು ತೆರೆದರು. ಸರಕಾರಕ್ಕಿಲ್ಲದ ಸ್ಮರಣೆ ಸಂಸಾರಿಗಳಿಗೆ ಇತ್ತು.

ಹೀಗೆ ದಾಟಿ ಬಂದವರು ಕ್ರಮೇಣ ಎಂಥ ಸ್ಥಿತಿಗೆ ಇಳಿದರೆಂಬುದನ್ನು ಬರೆಯಲು ಲೇಖನಿ ಹಿಂಜರಿಯುತ್ತದೆ. ಗಂಡಸರಿಗೆ ಕಾರ್ಖಾನೆ, ಸೈನ್ಯ, ಹಾಜರಿಪಟ್ಟಿಗಳ ಕಟ್ಟು ಹೆಚ್ಚು. ಹೆಂಗಸರು ಸಂತೆ ವ್ಯಾಪಾರಕ್ಕೆಂದು ಓಡಾಡುತ್ತಿದ್ದುದರಿಂದ ಕಣ್ಣು ತಪ್ಪಿಸಿ ಹೊರಡುವುದು ಅವರಿಗೆ ಸುಲಭವಾಯಿತು. ಚೀನಾದ ಹಳ್ಳಿಗಳಲ್ಲಿ ವಧುಗಳ ಅಭಾವವಿತ್ತು. ಕೆಲಸ ಕೊಡಿಸುತ್ತೇವೆಂದು ಕರೆತಂದ ದಲ್ಲಾಳಿಗಳು ಈ ಹೆಂಗಸರನ್ನು ರೈತರಿಗೆ ಹಣಕ್ಕೆ ಮಾರಿದರು. ಮಾರಲ್ಪಟ್ಟ ಹೆಣ್ಣು ಪೋಲೀಸು ಠಾಣೆಗೆ ಹೋಗಿ ದೂರು ಕೊಡಲಾರಳು. ಕೊಟ್ಟರೆ ಮೊದಲು ಬಂಧನಕ್ಕೊಳಗಾಗತಕ್ಕವಳು ಅವಳೇ. ಈ ಸಂಬಂಧಗಳಲ್ಲಿ ಹುಟ್ಟಿದ ಮಕ್ಕಳ ಪೈಕಿ ಅನೇಕರಿಗೆ ಬಹುಕಾಲ ಮನೆಪಟ್ಟಿಯಲ್ಲಿ ಹೆಸರಿರಲಿಲ್ಲ. ಹೆಸರು ಬರೆಸಲು ಹೋದರೆ ತಾಯಿ ಯಾರೆಂದು ಹೇಳಬೇಕು; ಹೇಳಿದರೆ ತಾಯಿ ಹೋಗುತ್ತಾಳೆ; ಹೇಳದಿದ್ದರೆ ಮಗುವಿಗೆ ಶಾಲೆಯಿಲ್ಲ, ಆಸ್ಪತ್ರೆಯಿಲ್ಲ.

ಹಿಡಿಯಲ್ಪಟ್ಟವರ ಹಾದಿ ಒಂದೇ. ಊರಿನ ಠಾಣೆ, ಅಲ್ಲಿಂದ ಜಿಲ್ಲೆಯ ಬಂದೀಖಾನೆ, ಅಲ್ಲಿಂದ ಟುಮೆನ್, ದಾಂಡೊಂಗ್ ಮುಂತಾದ ಗಡಿ ಊರುಗಳ ಬಂಧನಗೃಹ. ಟುಮೆನ್ ಊರಿನ ಬಂಧನಗೃಹವು ಈ ಕೆಲಸಕ್ಕೇ ಪ್ರಸಿದ್ಧವಾಗಿದೆ. ಚೀನಾದಲ್ಲಿ 2012ರಲ್ಲಿ ಅಂಗೀಕೃತವಾಗಿ 2013ನೆಯ ಜುಲೈ 1ರಿಂದ ಜಾರಿಗೆ ಬಂದ ಆಗಮನ ನಿರ್ಗಮನ ಶಾಸನದ ಪ್ರಕಾರ, ಅಕ್ರಮವಾಗಿ ಪ್ರವೇಶಿಸಿದ ಪರದೇಶಸ್ಥನನ್ನು ವಿಚಾರಣೆಗಾಗಿ 30 ದಿನಗಳವರೆಗೆ, ಪ್ರಕರಣವು ಜಟಿಲವಾಗಿದ್ದರೆ 60 ದಿನಗಳವರೆಗೆ ಕೂಡಿಹಾಕಬಹುದು. ಅದೇ ಶಾಸನದ 46ನೆಯ ಕಲಮಿನಲ್ಲಿ, ನಿರಾಶ್ರಿತನೆಂದು ಮನ್ನಣೆ ಕೋರಿದವನಿಗೆ ತಾತ್ಕಾಲಿಕ ಗುರುತುಚೀಟಿ ಕೊಟ್ಟು, ತೀರ್ಮಾನವಾಗುವವರೆಗೆ ದೇಶದಲ್ಲಿ ಇರಗೊಡಬಹುದೆಂದೂ ಬರೆದಿದೆ. ಕಾಗದದ ಮೇಲೆ ಎರಡು ಕಲಮುಗಳೂ ಇವೆ. ಉತ್ತರ ಕೊರಿಯಾದವರಿಗೆ ಮೊದಲನೆಯದು ಅನ್ವಯಿಸುತ್ತದೆ, ಎರಡನೆಯದು ಅನ್ವಯಿಸುವುದಿಲ್ಲ. ಅವರನ್ನು ನ್ಯಾಯಾಧಿಪತಿಯ ಮುಂದೆ ನಿಲ್ಲಿಸುವ ಪದ್ಧತಿಯಿಲ್ಲ, ವಕೀಲರಿಲ್ಲ, ಹಿಂತಿರುಗಿದರೆ ನಿನಗೆ ಏನಾದೀತೆಂದು ಕೇಳುವ ಅಧಿಕಾರಿಯೂ ಇಲ್ಲ. 2020ನೆಯ ಜನವರಿಯಲ್ಲಿ ಸಾಂಕ್ರಾಮಿಕದ ಭಯದಿಂದ ಉತ್ತರ ಕೊರಿಯಾ ತನ್ನ ಗಡಿಯನ್ನು ಮುಚ್ಚಿ ತನ್ನ ಪ್ರಜೆಗಳನ್ನೇ ಒಳಗೆ ಸೇರಿಸದೆ ಹೋದಾಗ, ಹಿಡಿಯಲ್ಪಟ್ಟಿದ್ದವರು ಚೀನಾದ ಬಂಧನಗೃಹಗಳಲ್ಲಿ ಕೊಳೆಯಬೇಕಾಯಿತು. 2023ನೆಯ ಆಗಸ್ಟ್ ಕೊನೆಯಲ್ಲಿ ಪರದೇಶದಲ್ಲಿದ್ದ ತನ್ನ ಪ್ರಜೆಗಳು ಮರಳಬಹುದೆಂದು ಆ ಸರಕಾರ ಪ್ರಕಟಿಸಿತು. ಅಕ್ಟೋಬರಿನಲ್ಲಿ ನಾವು ಮೊದಲು ಹೇಳಿದ ವಾಹನಗಳು ಹೊರಟುವು.

ಸೇತುವೆಯ ಆಚೆ ಏನು ನಡೆಯುತ್ತದೆ? ಇದು ಗುಟ್ಟಾಗಿ ಉಳಿದಿಲ್ಲ. 2013ನೆಯ ಮಾರ್ಚಿಯಲ್ಲಿ ಸಂಯುಕ್ತ ರಾಷ್ಟ್ರಸಂಘದ ಮಾನವಹಕ್ಕುಗಳ ಮಂಡಲಿಯು ಮೂವರ ವಿಚಾರಣಾ ಸಮಿತಿಯನ್ನು ನೇಮಿಸಿತು. ಆಸ್ಟ್ರೇಲಿಯದ ಶ್ರೇಷ್ಠ ನ್ಯಾಯಾಸ್ಥಾನದಲ್ಲಿ ನ್ಯಾಯಮೂರ್ತಿಗಳಾಗಿದ್ದ ಮೈಕೆಲ್ ಕರ್ಬಿಯವರು ಅಧ್ಯಕ್ಷರು. ಸರ್ಬಿಯದ ಸೋನ್ಯಾ ಬಿಸೆರ್ಕೋ, ಇಂಡೊನೇಷ್ಯದ ಮರ್ಜುಕಿ ದಾರುಸ್ಮಾನ್ ಇವರು ಸದಸ್ಯರು. ಉತ್ತರ ಕೊರಿಯಾ ಸಮಿತಿಗೆ ಬಾಗಿಲು ತೆರೆಯಲಿಲ್ಲ; ಚೀನಾವೂ ಗಡಿಪ್ರದೇಶಕ್ಕೆ ಬಿಡಲಿಲ್ಲ. ಸಮಿತಿಯು ಸಿಯೋಲ್, ಟೋಕಿಯೋ, ಲಂಡನ್, ವಾಷಿಂಗ್ಟನ್ ನಗರಗಳಲ್ಲಿ ಬಹಿರಂಗ ಸಭೆ ಸೇರಿ ಎಂಬತ್ತಕ್ಕೆ ಮೇಲ್ಪಟ್ಟ ಸಾಕ್ಷಿಗಳ ಹೇಳಿಕೆ ಪಡೆಯಿತು. ಬಂಧುಗಳಿಗೆ ಅಪಾಯವಾದೀತೆಂದು ಹೆದರಿದ ಸುಮಾರು 240 ಮಂದಿಯನ್ನು ಏಕಾಂತದಲ್ಲಿ ವಿಚಾರಿಸಿತು. 2014ನೆಯ ಫೆಬ್ರುವರಿಯಲ್ಲಿ ಪ್ರಕಟವಾದ ಅದರ ವರದಿಯು ಕಾದಂಬರಿಯಲ್ಲ. ನ್ಯಾಯಾಧೀಶನೊಬ್ಬನ ಒಣ ಭಾಷೆಯಲ್ಲಿ ಬರೆದ ದಸ್ತಾವೇಜು.

ಅದರಿಂದ ತಿಳಿದುಬರುವುದಿಷ್ಟು. ಒಪ್ಪಿಸಲ್ಪಟ್ಟವರನ್ನು ಮೊದಲು ರಾಜ್ಯರಕ್ಷಣಾ ಖಾತೆಯವರು ವಿಚಾರಿಸುತ್ತಾರೆ. ಅವರು ಮುಖ್ಯವಾಗಿ ಕೇಳುವ ಪ್ರಶ್ನೆಗಳು ಎರಡು: ಚೀನಾದಲ್ಲಿ ದಕ್ಷಿಣ ಕೊರಿಯಾದವರನ್ನು ಕಂಡೆಯಾ? ಕ್ರೈಸ್ತ ಪಾದ್ರಿಗಳ ಸಹವಾಸ ಮಾಡಿದೆಯಾ? ಉತ್ತರ ಸಿಕ್ಕುವವರೆಗೆ ಹೊಡೆತ, ಉಪವಾಸ, ಗಂಟೆಗಟ್ಟಲೆ ಅಲುಗಾಡದೆ ಕೂರಿಸುವ ಶಿಕ್ಷೆ. ಹೊಟ್ಟೆಗಿಲ್ಲದೆ ಹೋದೆನೆಂದು ಸಾಧಿಸಿಕೊಂಡವರಿಗೆ ಕೆಲವು ತಿಂಗಳ ಕೂಲಿಶಿಬಿರ ಅಥವಾ ಕೆಲವು ವರ್ಷಗಳ ಕಾರಾಗೃಹ. ಹೋಯ್‌ರ್ಯಾಂಗ್ ಸಮೀಪದ ಚೊಂಗೊರಿ ಕಾರಾಗೃಹದಲ್ಲಿ ಇಂಥ ಹೆಂಗಸರನ್ನು ಬಹುಸಂಖ್ಯೆಯಲ್ಲಿ ಇಟ್ಟಿದ್ದರು. ಮೇಲಿನ ಎರಡು ಪ್ರಶ್ನೆಗಳಲ್ಲಿ ಒಂದಕ್ಕೆ ಹೌದೆಂದು ಹೇಳಿದವರಿಗೆ ರಾಜದ್ರೋಹದ ಶಿಕ್ಷೆ, ಎಂದರೆ ಮರಳಿ ಬಾರದ ರಾಜಕೀಯ ಶಿಬಿರ. ಅಂಥ ಶಿಬಿರಗಳಲ್ಲಿ ಆಗ 80,000ದಿಂದ 1,20,000 ಜನರಿದ್ದರೆಂದು ಸಮಿತಿಯು ಅಂದಾಜು ಮಾಡಿತು. ಚೀನೀಯನಿಂದ ಗರ್ಭವತಿಯಾಗಿ ಮರಳಿದ ಹೆಂಗಸರಿಗೆ ಬಲಾತ್ಕಾರದಿಂದ ಗರ್ಭಪಾತ ಮಾಡಿಸಲಾಯಿತೆಂದೂ, ಜೀವಂತವಾಗಿ ಹುಟ್ಟಿದ ಶಿಶುಗಳನ್ನು ಕೊಲ್ಲಲಾಯಿತೆಂದೂ ಸಾಕ್ಷಿಗಳು ಹೇಳಿದರು, ಸಮಿತಿಯು ನಂಬಿತು. ಇದಕ್ಕಿಂತ ಹೆಚ್ಚಾಗಿ ಈ ಪುಟದಲ್ಲಿ ಬರೆಯಲಾರೆವು.

ಶ್ರೀ ಕರ್ಬಿಯವರು ವರದಿಗೆ ಮುಂಚೆ, 2013ನೆಯ ಡಿಸೆಂಬರಿನಲ್ಲಿ, ಜಿನೀವಾದಲ್ಲಿದ್ದ ಚೀನಾ ರಾಯಭಾರಿಗೆ ಪತ್ರ ಬರೆದು, ಹಿಡಿದೊಪ್ಪಿಸುವ ಅಧಿಕಾರಿಗಳು ಕೆಲವು ಸಂದರ್ಭಗಳಲ್ಲಿ ಮಾನವಕುಲದ ಮೇಲಣ ಅಪರಾಧಕ್ಕೆ ಸಹಾಯ ಮಾಡಿದಂತಾದೀತೆಂದು ಎಚ್ಚರಿಸಿದರು. ಇವರು ಆರ್ಥಿಕ ಕಾರಣದಿಂದ ಬಂದವರು, ನಿರಾಶ್ರಿತರಲ್ಲವೆಂದು ಹಳೆಯ ಉತ್ತರವೇ ಬಂತು. ಆ ಉತ್ತರವು ಎಷ್ಟರಮಟ್ಟಿಗೆ ನಿಲ್ಲುತ್ತದೆಂಬುದನ್ನು ಪರೀಕ್ಷಿಸೋಣ.

1951ನೆಯ ಜುಲೈ 28ರಂದು ಜಿನೀವಾದಲ್ಲಿ ಆದ ನಿರಾಶ್ರಿತರ ಒಡಂಬಡಿಕೆಗೂ, ಅದರ ದೇಶಕಾಲಗಳ ಮಿತಿಯನ್ನು ತೆಗೆದುಹಾಕಿದ 1967ರ ಅನುಬಂಧಕ್ಕೂ ಚೀನಾ 1982ನೆಯ ಸೆಪ್ಟೆಂಬರಿನಲ್ಲಿ ಸೇರಿತು. ಯಾರೂ ಬಲಾತ್ಕರಿಸಲಿಲ್ಲ. ಆ ಒಡಂಬಡಿಕೆಯ 33ನೆಯ ಕಲಮು, ಪ್ರಾಣಕ್ಕೆ ಅಥವಾ ಸ್ವಾತಂತ್ರ್ಯಕ್ಕೆ ಅಪಾಯವಿರುವ ನೆಲಕ್ಕೆ ನಿರಾಶ್ರಿತನನ್ನು ಯಾವ ರೀತಿಯಿಂದಲೂ ಹಿಂದಕ್ಕೆ ಅಟ್ಟಕೂಡದೆನ್ನುತ್ತದೆ. 31ನೆಯ ಕಲಮು, ರಹದಾರಿಯಿಲ್ಲದೆ ಬಂದನೆಂಬ ಕಾರಣಕ್ಕೆ ಅವನನ್ನು ದಂಡಿಸಬಾರದೆನ್ನುತ್ತದೆ. ಬೆಂಕಿಬಿದ್ದ ಮನೆಯಿಂದ ಓಡುವವನು ಬೀಗದಕೈ ಹುಡುಕಿಕೊಂಡು ಬರಲಾರನಷ್ಟೆ. 1988ರಲ್ಲಿ ಚೀನಾ ಚಿತ್ರಹಿಂಸೆಯ ನಿಷೇಧದ ಒಡಂಬಡಿಕೆಯನ್ನೂ ಸ್ಥಿರೀಕರಿಸಿತು. ಅದರ 3ನೆಯ ಕಲಮು ಇನ್ನೂ ಬಿಗಿಯಾದುದು. ಚಿತ್ರಹಿಂಸೆಗೆ ಗುರಿಯಾಗುವನೆಂದು ನಂಬಲು ಬಲವಾದ ಆಧಾರವಿದ್ದರೆ, ಅವನು ನಿರಾಶ್ರಿತನಾಗಲಿ ಅಲ್ಲದಿರಲಿ, ಕಳುಹಿಸಕೂಡದು. ಆರ್ಥಿಕ ಕಾರಣವೆಂಬ ವಾದಕ್ಕೆ ಅಲ್ಲಿ ಸ್ಥಳವೇ ಇಲ್ಲ.

ಒಡಂಬಡಿಕೆಯ ಕಲಮುಗಳೊಳಗೆ ನಿಂತು ಮಾತನಾಡಿದರೂ ಚೀನಾದ ವಾದ ಸೋಲುತ್ತದೆ. ಹೊರಡುವಾಗ ಹಸಿವಿನಿಂದಲೇ ಹೊರಟವನಾದರೂ, ಹೊರಟನೆಂಬ ಕಾರಣಕ್ಕೇ ತನ್ನ ದೇಶದವರು ಅವನನ್ನು ದ್ರೋಹಿಯೆಂದು ಎಣಿಸಿ ಪೀಡಿಸುವುದಾದರೆ, ಆಚೆದಡದಲ್ಲಿ ನಿಂತ ಕ್ಷಣದಿಂದಲೇ ಅವನು ನಿರಾಶ್ರಿತನಾದನು. ಅಂತರರಾಷ್ಟ್ರೀಯ ನ್ಯಾಯದಲ್ಲಿ ಇದು ಹೊಸ ತತ್ತ್ವವಲ್ಲ. ಹಸಿವೂ ಅಲ್ಲಿ ಕೇವಲ ಹೊಟ್ಟೆಯ ಮಾತಲ್ಲ. ಆ ರಾಜ್ಯದಲ್ಲಿ ಪ್ರಜೆಗಳನ್ನು ತಾತಮುತ್ತಾತಂದಿರ ರಾಜಭಕ್ತಿಯ ಮೇರೆಗೆ ಮೇಲುಕೀಳೆಂದು ವಿಂಗಡಿಸಿದ ಒಂದು ಪಟ್ಟಿಯಿದೆ. ಯಾರು ರಾಜಧಾನಿಯಲ್ಲಿ ಇರಬೇಕು, ಯಾರು ಗಣಿಯ ಜಿಲ್ಲೆಗೆ ಹೋಗಬೇಕು, ಯಾರ ಪಾಲಿಗೆ ಎಷ್ಟು ಅಕ್ಕಿ ಎಂಬುದು ಅದನ್ನು ಅನುಸರಿಸಿತ್ತು. ಜಾತಿಯ ಪಟ್ಟಿಯಿಂದ ಅನ್ನದ ಪಾಲು ನಿಶ್ಚಯವಾಗುವುದೆಂದರೇನೆಂದು ನಮ್ಮವರಿಗೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಇಷ್ಟಾದರೂ ಚೀನಾ ಮುಂದೆ ಹಿಡಿಯುವ ಇನ್ನೊಂದು ಕಾಗದವಿದೆ. 1986ರಲ್ಲಿ ಎರಡು ದೇಶಗಳ ಪೋಲೀಸು ಮತ್ತು ರಾಜ್ಯರಕ್ಷಣಾ ಖಾತೆಗಳು ಗಡಿಯ ಶಾಂತಿಪಾಲನೆಯ ಹೆಸರಿನಲ್ಲಿ ಕರಾರೊಂದನ್ನು ಮಾಡಿಕೊಂಡುವು. 1998ರಲ್ಲಿ ಅದನ್ನು ತಿದ್ದಿದರು. ಅಕ್ರಮವಾಗಿ ದಾಟಿದವರ ಪಟ್ಟಿಯನ್ನೂ ಅವರ ದೇಹವನ್ನೂ ಪರಸ್ಪರ ಒಪ್ಪಿಸುವುದೇ ಅದರ ತಾತ್ಪರ್ಯ. 1982ರಲ್ಲಿ ಇಡೀ ಲೋಕಕ್ಕೆ ಕೊಟ್ಟ ಭಾಷೆಯನ್ನು 1986ರಲ್ಲಿ ನೆರೆಯವನ ಕಿವಿಯಲ್ಲಿ ಹೇಳಿದ ಮಾತಿನಿಂದ ರದ್ದುಮಾಡಬಹುದೆ? ಯಾವ ಮುನಸೀಫನೂ ಒಪ್ಪಲಾರನು.

ಚೀನಾಕ್ಕೆ ನಿರಾಶ್ರಿತರನ್ನು ಪೋಷಿಸುವ ಶಕ್ತಿಯಿಲ್ಲವೆಂದು ಹೇಳುವುದೂ ಅನ್ಯಾಯ. 1978 ಮತ್ತು 1979ರಲ್ಲಿ ವಿಯೆಟ್ನಾಮಿನಿಂದ ಓಡಿಬಂದ ಎರಡೂವರೆ ಲಕ್ಷಕ್ಕೂ ಮಿಕ್ಕ ಜನರನ್ನು ಅದು ಗುವಾಂಗ್‌ಶಿ, ಗುವಾಂಗ್‌ಡಾಂಗ್, ಯುನ್ನಾನ್ ಮುಂತಾದ ಪ್ರಾಂತಗಳ ಸರಕಾರಿ ತೋಟಗಳಲ್ಲಿ ನೆಲೆಗೊಳಿಸಿತು. ಆಗ ಅದು ಬಡರಾಷ್ಟ್ರ. ಆ ಕೆಲಸವನ್ನು ಲೋಕವೆಲ್ಲ ಕೊಂಡಾಡಿತು, ನ್ಯಾಯವಾಗಿಯೇ ಕೊಂಡಾಡಿತು. ಬಂದವರು ಬಹುಮಟ್ಟಿಗೆ ಚೀನೀ ವಂಶದವರು. ಅವರನ್ನು ಅಟ್ಟಿದ ವಿಯೆಟ್ನಾಂ ಆಗ ಚೀನಾಕ್ಕೆ ಶತ್ರು. ಉತ್ತರ ಕೊರಿಯಾ ಮಿತ್ರ. ವ್ಯತ್ಯಾಸವೆಲ್ಲ ಇಲ್ಲಿದೆ.

ಬೀಜಿಂಗಿನ ರಾಜನೀತಿಜ್ಞರ ಮನಸ್ಸಿನಲ್ಲಿ 1989ನೆಯ ಇಸವಿಯ ನೆನಪು ಇರುವುದೂ ನಿಶ್ಚಯ. ಪೂರ್ವ ಜರ್ಮನಿಯ ಪ್ರಜೆಗಳು ಪಶ್ಚಿಮಕ್ಕೆ ತಪ್ಪಿಸಿಕೊಳ್ಳದಂತೆ ತಡೆಯುವೆನೆಂದು ಹಂಗೇರಿಯು 1969ರಲ್ಲಿ ಅದರೊಡನೆ ಕರಾರು ಮಾಡಿಕೊಂಡಿತ್ತು. 1989ನೆಯ ಮಾರ್ಚಿಯಲ್ಲಿ ಹಂಗೇರಿಯು ಜಿನೀವಾ ಒಡಂಬಡಿಕೆಗೆ ಸೇರಿತು. ಆ ಬೇಸಿಗೆಯಲ್ಲಿ ಸಾವಿರಾರು ಪೂರ್ವ ಜರ್ಮನರು ಅಲ್ಲಿ ಬಂದು ಕುಳಿತಾಗ, ಎರಡು ಕರಾರುಗಳಲ್ಲಿ ಯಾವುದು ದೊಡ್ಡದೆಂಬ ಪ್ರಶ್ನೆ ಎದ್ದಿತು. ಸೆಪ್ಟೆಂಬರ್ 11ರಂದು ಆ ಸರಕಾರವು ಹಳೆಯದನ್ನು ಬದಿಗಿಟ್ಟು ಆಸ್ಟ್ರಿಯದ ಗಡಿಯನ್ನು ತೆರೆಯಿತು. ಎರಡು ತಿಂಗಳು ತುಂಬುವ ಮೊದಲೇ ಬರ್ಲಿನ್ನಿನ ಗೋಡೆ ಬಿದ್ದಿತು. ಮರುವರ್ಷ ಪೂರ್ವ ಜರ್ಮನಿಯೆಂಬ ರಾಜ್ಯವೇ ಭೂಪಟದಿಂದ ಅಳಿಯಿತು. ತನ್ನ ಬಾಗಿಲಲ್ಲಿ ಅಮೆರಿಕದ ಸೈನ್ಯ ಬಂದು ನಿಲ್ಲದಂತೆ ತಡೆವ ಉತ್ತರ ಕೊರಿಯಾ ಕುಸಿಯುವುದನ್ನು ಚೀನಾ ಬಯಸುವುದಿಲ್ಲ. ಇದು ರಾಜ್ಯದ ಹಿತಚಿಂತನೆ, ಅರ್ಥವಾಗದ ಮಾತಲ್ಲ. ಆದರೆ ಅರ್ಥವಾಗುವ ಮಾತೆಲ್ಲವೂ ನ್ಯಾಯವಾಗಲಾರದು. ಒಬ್ಬ ಗರ್ಭಿಣಿಯನ್ನು ಹಿಡಿದು ಸೇತುವೆ ದಾಟಿಸುವುದರಿಂದ ರಾಜ್ಯವೊಂದು ಉಳಿಯಬೇಕಾದರೆ ಅದರ ಅಸ್ತಿಭಾರ ಎಂಥದು?

ಕೊರಿಯನ್ನರನ್ನು ಅವರ ಇಚ್ಛೆಗೆ ವಿರೋಧವಾಗಿ ಮರಳಿ ಕಳುಹಿಸಬಹುದೆ ಎಂಬ ಪ್ರಶ್ನೆಯನ್ನು ಲೋಕವು ಮೊದಲು ಎದುರಿಸಿದಾಗ ಅದರ ನಡುವೆ ನಿಂತವರು ನಮ್ಮ ಕೊಡಗಿನವರೊಬ್ಬರೆಂಬುದನ್ನು ಇಂದಿನ ತರುಣರು ಮರೆತಿರಬಹುದು. 1950ರಲ್ಲಿ ಹೊತ್ತಿದ ಕೊರಿಯಾ ಯುದ್ಧದಲ್ಲಿ ಸೆರೆಸಿಕ್ಕ ಉತ್ತರ ಕೊರಿಯಾ ಮತ್ತು ಚೀನಾ ಯೋಧರ ಪೈಕಿ ಸಾವಿರಾರು ಮಂದಿ ತಾವು ಹಿಂತಿರುಗುವುದಿಲ್ಲವೆಂದರು. ಎಲ್ಲರನ್ನೂ ಒಪ್ಪಿಸಲೇಬೇಕೆಂದು ಚೀನಾ ಪಟ್ಟು ಹಿಡಿಯಿತು. ಬಲಾತ್ಕಾರದಿಂದ ಕಳುಹಿಸೆವೆಂದು ಅಮೆರಿಕಾದವರೆಂದರು. ಈ ಒಂದೇ ವಿಷಯದ ಮೇಲೆ ಕದನವಿರಾಮವು ವರ್ಷಕ್ಕೆ ಮೇಲ್ಪಟ್ಟು ತಡವಾಗಿ, ಅಷ್ಟರೊಳಗೆ ಅಸಂಖ್ಯಾತ ಜನ ಸತ್ತರು. ಕೊನೆಗೆ 1953ನೆಯ ಜುಲೈ 27ರಂದು ಸಂಧಿಯಾದಾಗ, ತಟಸ್ಥ ರಾಷ್ಟ್ರಗಳ ಆಯೋಗವೊಂದನ್ನು ಏರ್ಪಡಿಸಿ ಅದರ ಅಧ್ಯಕ್ಷಪದವಿಯನ್ನು ಭಾರತಕ್ಕೆ ಕೊಟ್ಟರು. ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ತಿಮ್ಮಯ್ಯನವರು ಆ ಪೀಠದಲ್ಲಿ ಕುಳಿತರು. ಸೆರೆಯಾಳುಗಳ ಪಾಲನೆಗೆ ಜನರಲ್ ಥೋರಾಟರ ನೇತೃತ್ವದಲ್ಲಿ ನಮ್ಮ ಸಿಪಾಯಿಗಳು ಹೋದರು. ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ತನ್ನ ನೆಲದ ಮೇಲೆ ಭಾರತೀಯ ಸಿಪಾಯಿಯೊಬ್ಬನೂ ಕಾಲಿಡಕೂಡದೆಂದು ಹಟಮಾಡಿದ್ದರಿಂದ ಅವರನ್ನು ಹಡಗಿನಿಂದಿಳಿಸಿ ಹೆಲಿಕಾಪ್ಟರುಗಳಲ್ಲಿ ಒಯ್ಯಬೇಕಾಯಿತು.

22,600ರಷ್ಟು ಸೆರೆಯಾಳುಗಳು ನಮ್ಮವರ ವಶಕ್ಕೆ ಬಂದರು. ಏರ್ಪಾಡು ಹೀಗಿತ್ತು: ಸೆರೆಯಾಳನ್ನು ಡೇರೆಯೊಳಕ್ಕೆ ಕರೆತರುವುದು, ಅವನ ದೇಶದ ಪ್ರತಿನಿಧಿಯು, ನೀನು ಮರಳಿ ಬಾ, ಭಯಪಡಬೇಡವೆಂದು ವಿವರಿಸುವುದು, ತಟಸ್ಥರು ಕುಳಿತು ಆಲಿಸುವುದು, ಬಳಿಕ ಅವನು ಎರಡು ಬಾಗಿಲುಗಳಲ್ಲಿ ತನಗೆ ಬೇಕಾದುದರಿಂದ ಹೊರಗೆ ಹೋಗುವುದು. ಕಾರ್ಯವು ಸುಗಮವಾಗಿ ನಡೆಯಲಿಲ್ಲ. ಶಿಬಿರಗಳೊಳಗಣ ಮುಂದಾಳುಗಳು ತಮ್ಮವರನ್ನೇ ಹೆದರಿಸಿದರು. ವಿವರಣೆಯೇ ಬೇಡವೆಂದು ಗದ್ದಲ ಮಾಡಿದರು. ಎರಡು ಪಕ್ಷದವರೂ ಭಾರತವನ್ನು ಬೈದರು. ಅವಧಿ ತೀರಿದಾಗ ಬಹುಪಾಲು ಜನರ ವಿವರಣೆ ಮುಗಿದೇ ಇರಲಿಲ್ಲ. ಆದರೂ ಆ ಏರ್ಪಾಡಿನಲ್ಲಿ ಒಂದು ತತ್ತ್ವವಿತ್ತು. ಪ್ರತಿಯೊಬ್ಬನನ್ನೂ ಬೇರೆಬೇರೆಯಾಗಿ ಕೇಳಬೇಕು; ಕೇಳುವಾಗ ಮೂರನೆಯವರು ಹಾಜರಿರಬೇಕು; ಹೊರಬಾಗಿಲು ಎರಡಿರಬೇಕು. ಯಾವ ಪಕ್ಷಕ್ಕೂ ಹೋಗಲೊಲ್ಲದ 88 ಮಂದಿ 1954ರಲ್ಲಿ ನಮ್ಮ ಸಿಪಾಯಿಗಳ ಸಂಗಡವೇ ಭಾರತಕ್ಕೆ ಬಂದರು. ಅವರಲ್ಲಿ ಹಲವರು ಮುಂದೆ ಬ್ರೆಜಿಲ್, ಅರ್ಜೆಂಟೀನಾಗಳಿಗೆ ಹೋಗಿ ನೆಲೆಸಿದರು. ಟುಮೆನ್ ಊರಿನ ಬಂಧನಗೃಹಕ್ಕೆ ಇರುವುದು ಒಂದೇ ಬಾಗಿಲು.

ಅಂಥ ಕೆಲಸ ಮಾಡಿದ ದೇಶವು, ಕರ್ಬಿ ಸಮಿತಿಯ ವರದಿಯ ಆಧಾರದ ಮೇಲೆ 2014ನೆಯ ಡಿಸೆಂಬರಿನಲ್ಲಿ ಸಂಯುಕ್ತ ರಾಷ್ಟ್ರಗಳ ಮಹಾಸಭೆಯಲ್ಲಿ ನಿರ್ಣಯವು ಬಂದಾಗ ಏನು ಮಾಡಿತು? 116 ರಾಷ್ಟ್ರಗಳು ಪರವಾಗಿ, 20 ವಿರುದ್ಧವಾಗಿ ಮತಕೊಟ್ಟುವು. ಸುಮ್ಮನೆ ಕುಳಿತ 53ರಲ್ಲಿ ಭಾರತವೂ ಒಂದು. ಒಂದೊಂದು ದೇಶವನ್ನು ಹೆಸರಿಸಿ ಖಂಡಿಸುವ ನಿರ್ಣಯಗಳು ತನಗೆ ಸಮ್ಮತವಲ್ಲವೆಂಬುದು ನಮ್ಮ ಸರಕಾರದ ಬಹುಕಾಲದ ನೀತಿ. ಆ ನೀತಿಗೆ ಅದರದೇ ಕಾರಣಗಳಿರಬಹುದು. ತಿಮ್ಮಯ್ಯನವರ ತಾಟಸ್ಥ್ಯಕ್ಕೂ ಈ ತಾಟಸ್ಥ್ಯಕ್ಕೂ ಒಂದೇ ಹೆಸರು ಸಲ್ಲುವುದೆಂದು ನಮಗೆ ತೋರುವುದಿಲ್ಲ. ಅವರು ಡೇರೆಯೊಳಗೆ ಕುಳಿತಿದ್ದರು.

ಪರರಾಜ್ಯದ ನೆಲದಲ್ಲಿ ಹಿಡಿಯಲ್ಪಟ್ಟು ಒಪ್ಪಿಸಲ್ಪಡುವುದೆಂದರೇನೆಂಬುದು ನಮ್ಮ ರಾಷ್ಟ್ರೀಯ ಚಳವಳಿಯ ಚರಿತ್ರೆಯಲ್ಲಿಯೇ ಬರೆದಿದೆ. 1910ನೆಯ ಜುಲೈ 8ರಂದು ಮಾರ್ಸೇಲ್ಸ್ ಬಂದರಿನಲ್ಲಿ ಹಡಗಿನಿಂದ ಹಾರಿ ಫ್ರಾನ್ಸಿನ ನೆಲಮುಟ್ಟಿದ ಸಾವರಕರರನ್ನು ಫ್ರೆಂಚ್ ಪೋಲೀಸಿನವನೊಬ್ಬನು ಹಿಡಿದು ಆಂಗ್ಲರಿಗೆ ಕೊಟ್ಟನು. ಆದದ್ದು ಅಕ್ರಮವಾದರೂ ಮರಳಿ ಕೊಡಬೇಕಾಗಿಲ್ಲವೆಂದು 1911ರಲ್ಲಿ ಹೇಗ್ ನಗರದ ಪಂಚಾಯಿತಿಯು ತೀರ್ಪು ಕೊಟ್ಟಿತು; ಮುಂದಿನದು ಅಂಡಮಾನು. ಅದೇ ಫ್ರಾನ್ಸಿನ ಬಾವುಟದ ಕೆಳಗೆ ಪುದುಚೇರಿಯಲ್ಲಿ ಸುಬ್ರಹ್ಮಣ್ಯ ಭಾರತಿಯವರೂ ಶ್ರೀ ಅರವಿಂದರೂ ಆಂಗ್ಲರ ಕೈಗೆ ಸಿಕ್ಕದೆ ಬಾಳಿದರು. ಒಬ್ಬ ಪೋಲೀಸಿನವನ ಕೈ ಹಿಡಿದುಕೊಟ್ಟಿತು, ಒಂದು ಊರಿನ ಬಾಗಿಲು ಕಾಯಿತು.

ನಮ್ಮ ಸೀಮೆಯ ಶಿಲಾಶಾಸನಗಳಲ್ಲಿ ಅರಸರಿಗೂ ಸಾಮಂತರಿಗೂ ಶರಣಾಗತ ವಜ್ರಪಂಜರ ಎಂಬ ಬಿರುದು ಮತ್ತೆ ಮತ್ತೆ ಬರುವುದನ್ನು ವಾಚಕರು ಕಂಡಿರಬಹುದು. ಬಿರುದುಗಳೆಲ್ಲ ನಡತೆಯಲ್ಲಿ ಸತ್ಯವಾಗಿದ್ದುವೆಂದು ನಾವು ಹೇಳೆವು. ಈ ವಿಷಯದಲ್ಲಿ ಮಾತ್ರ ನಮ್ಮ ಕಾಲದಲ್ಲಿಯೂ ಕನ್ನಡನಾಡು ಮಾತು ಉಳಿಸಿಕೊಂಡಿತು: 1959ರ ತರುವಾಯ ಟಿಬೇಟಿನಿಂದ ಬಂದವರಿಗೆ ಬೈಲುಕುಪ್ಪೆಯಲ್ಲಿ, ಮುಂಡಗೋಡಿನಲ್ಲಿ, ಹುಣಸೂರು ಕೊಳ್ಳೇಗಾಲಗಳ ಕಡೆಯಲ್ಲಿ ಕಾಡುನೆಲವನ್ನು ಕೊಟ್ಟಿತು, ಅವರು ಜೋಳ ಬೆಳೆದರು, ಮಠಗಳನ್ನು ಕಟ್ಟಿದರು, ಮಕ್ಕಳು ಕನ್ನಡ ಕಲಿತರು. ಆದರೆ ಇದೆಲ್ಲವೂ ಸರಕಾರದ ದಯೆಯಿಂದ ನಡೆದುದು, ಶಾಸನದ ಬಲದಿಂದ ಅಲ್ಲ. ಭಾರತವು 1951ರ ಒಡಂಬಡಿಕೆಗೆ ಇಂದಿಗೂ ಸೇರಿಲ್ಲ. 1946ರ ಆಂಗ್ಲರ ಕಾಲದ ವಿದೇಶೀಯರ ಕಾನೂನನ್ನು ತೆಗೆದು 2025ರಲ್ಲಿ ಹೊಸ ಕಾನೂನು ಮಾಡಿದಾಗಲೂ ನಿರಾಶ್ರಿತರೆಂಬ ಪ್ರತ್ಯೇಕ ವರ್ಗವನ್ನು ಅದರಲ್ಲಿ ಗುರುತಿಸಲಿಲ್ಲ. ಸಂವಿಧಾನದ 21ನೆಯ ವಿಧಿಯ ಪ್ರಾಣರಕ್ಷಣೆ ಪರದೇಶಸ್ಥನಿಗೂ ಉಂಟೆಂದು ಚಕ್ಮಾ ಜನರ ಮೊಕದ್ದಮೆಯಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ ಸಾರಿದುದೊಂದು ಆಧಾರ. ಚೀನಾ ಕೊಟ್ಟ ಮಾತನ್ನು ಮುರಿಯುತ್ತದೆ. ನಾವು ಮಾತನ್ನೇ ಕೊಟ್ಟಿಲ್ಲ. ಇದರಲ್ಲಿ ಬೀಗಬೇಕಾದ ಅಂಶ ಹೆಚ್ಚಿಲ್ಲ.

ಟುಮೆನ್ ತೀರಕ್ಕೆ ಮರಳೋಣ. 2009ರಲ್ಲಿ 2,914 ಮಂದಿ ಹೇಗೋ ಚೀನಾವನ್ನು ಹಾದು, ಲಾವೋಸ್, ಥಾಯ್‌ಲೆಂಡ್ ಅಥವಾ ಮಂಗೋಲಿಯದ ಮಾರ್ಗವಾಗಿ ದಕ್ಷಿಣ ಕೊರಿಯಾವನ್ನು ಮುಟ್ಟಿದ್ದರು. ಆ ರಾಜ್ಯದ ಸಂವಿಧಾನವು ಇಡೀ ಪರ್ಯಾಯದ್ವೀಪವನ್ನು ತನ್ನ ನೆಲವೆಂದು ಎಣಿಸುವುದರಿಂದ ಅವರು ಅಲ್ಲಿ ಕಾಲಿಟ್ಟೊಡನೆ ಪ್ರಜೆಗಳು. ಎಂದರೆ ಇವರನ್ನು ಚೀನಾ ಸಾಕಬೇಕಾದುದೂ ಇಲ್ಲ, ಹೋಗಗೊಟ್ಟರೆ ಸಾಕು. 2019ರಲ್ಲಿ 1,047 ಇದ್ದ ಸಂಖ್ಯೆ 2021ರಲ್ಲಿ 63ಕ್ಕೆ ಇಳಿಯಿತು, 2024ರಲ್ಲಿ 236. ಹೊಳೆಯ ಆಚೆ ಹೊಸ ತಂತಿಬೇಲಿ, ಕಂಡಲ್ಲಿ ಗುಂಡು ಹಾರಿಸುವ 2020ರ ಆಜ್ಞೆ. ಈಚೆ ಮುಖವನ್ನು ಗುರುತಿಸುವ ಯಂತ್ರಗಳು. ದಾರಿಯ ಕೊನೆಯಲ್ಲಿಯೂ ನೆಮ್ಮದಿಯಿಲ್ಲ: 2013ನೆಯ ಮೇ ತಿಂಗಳಲ್ಲಿ ಒಂಬತ್ತು ಮಂದಿ ಎಳೆಯರು ಲಾವೋಸಿನವರೆಗೆ ತಲಪಿದ್ದಾಗ ಅಲ್ಲಿನ ಸರಕಾರವು ಅವರನ್ನು ಚೀನಾಕ್ಕೆ ಕೊಟ್ಟಿತು, ಚೀನಾದಿಂದ ಪ್ಯಾಂಗ್ಯಾಂಗಿಗೆ ಸಾಗಿಸಲಾಯಿತು. 2024ನೆಯ ಜನವರಿಯಲ್ಲಿ ಜಿನೀವಾದಲ್ಲಿ ಚೀನಾದ ಮಾನವಹಕ್ಕುಗಳ ಸರದಿ ವಿಮರ್ಶೆ ನಡೆದಾಗ ದಕ್ಷಿಣ ಕೊರಿಯಾ ಮೊದಲ ಬಾರಿಗೆ ಆ ವೇದಿಕೆಯಲ್ಲಿ ಈ ಜನರ ಹೆಸರೆತ್ತಿತು. ಅಷ್ಟು ವರ್ಷ ಅದೂ ವ್ಯಾಪಾರಕ್ಕೆ ಅಂಜಿ ಮೌನವಾಗಿತ್ತು.

ಮಾಡಬಹುದಾದ ಕೆಲಸವೊಂದು ಕಾಗದದಲ್ಲಿಯೇ ಇದೆ. ನಿರಾಶ್ರಿತರ ಹೈಕಮಿಷನರ ಕಚೇರಿಯು ಬೀಜಿಂಗಿನಲ್ಲಿ 1980ರಿಂದಲೂ ಇದೆ. ಅದಕ್ಕೂ ಚೀನಾ ಸರಕಾರಕ್ಕೂ 1995ರಲ್ಲಿ ಆದ ಒಪ್ಪಂದದಲ್ಲಿ, ಆಶ್ರಯ ಕೋರುವವರನ್ನು ಯಾವ ಕಾಲದಲ್ಲಿಯೂ ಅಡ್ಡಿಯಿಲ್ಲದೆ ಕಾಣುವ ಅಧಿಕಾರವನ್ನು ಕಚೇರಿಗೆ ಕೊಟ್ಟಿದೆ. ವ್ಯಾಜ್ಯ ಬಂದರೆ ಪಂಚಾಯಿತಿಗೆ ಒಪ್ಪಿಸಬೇಕೆಂದೂ ಬರೆದಿದೆ. 1999ರಲ್ಲಿ ಆ ಕಚೇರಿಯವರು ಗಡಿಗೆ ಹೋಗಿ ಕೆಲವರನ್ನು ನಿರಾಶ್ರಿತರೇ ಸರಿಯೆಂದು ಕಂಡುಕೊಂಡರು. ಆ ಮೇಲೆ ಅವರಿಗೆ ಆ ದಾರಿ ಮುಚ್ಚಿತು. ಪಂಚಾಯಿತಿಯ ಕಲಮನ್ನು ಹೈಕಮಿಷನರರು ಇದುವರೆಗೆ ಉಪಯೋಗಿಸಲಿಲ್ಲ. ಬೀಜಿಂಗಿನ ಕಚೇರಿಗೇ ಬೀಗ ಬಿದ್ದೀತೆಂಬ ಭಯವೆಂದು ಹೇಳುತ್ತಾರೆ. ಹೈಕಮಿಷನರರ ಕಾರ್ಯಕಾರೀ ಸಭೆಯಲ್ಲಿ ಭಾರತಕ್ಕೂ ಒಂದು ಸ್ಥಾನವಿದೆ. ನಮ್ಮ ಪ್ರತಿನಿಧಿಯು ಅಲ್ಲಿ ಎದ್ದುನಿಂತು ಆ ಕಲಮಿನ ಗತಿ ಏನಾಯಿತೆಂದು ವಿಚಾರಿಸಲಿ. ನಮ್ಮ ಲೋಕಸಭೆಯ ಸದಸ್ಯರಲ್ಲಿ ಯಾರಾದರೊಬ್ಬರು, ಕೊಡಗಿನ ಕಡೆಯವರಾದರೆ ಮತ್ತೂ ಒಳ್ಳೆಯದು, ಹಾಗೆ ವಿಚಾರಿಸಿದರೆ ಇಲ್ಲವೆ ಎಂದು ಮುಂದಿನ ಅಧಿವೇಶನದಲ್ಲಿ ವಿದೇಶಾಂಗ ಮಂತ್ರಿಗಳನ್ನು ಕೇಳಲಿ.